ಮೇಜರ್ ಆರ್ಮ್‌ಸ್ಟ್ರಾಂಗ್: ರೇಡಿಯೋ ಯಂತ್ರಕ್ಕೆ ಕಂಠವನ್ನಿತ್ತವನು

ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ದೂರದ ಊರಿನ ಗಾನವನ್ನೋ ಸಮಾಚಾರವನ್ನೋ ಆಲಿಸುವವರು ಕೋಟ್ಯಂತರ ಮಂದಿ. ಆ ಪೆಟ್ಟಿಗೆಯೊಳಗಿನ ವ್ಯವಸ್ಥೆಯನ್ನು ಕಲ್ಪಿಸಿದವರು ಯಾರೆಂದು ವಿಚಾರಿಸುವವರು ವಿರಳ. ಮಾರ್ಕೋನಿಯ ಹೆಸರನ್ನು ಶಾಲೆಯ ಬಾಲಕರೂ ಬಲ್ಲರು. ಆಚಾರ್ಯ ಜಗದೀಶಚಂದ್ರ ಬೋಸರನ್ನು ನಮ್ಮ ಜನರು ಅಭಿಮಾನದಿಂದ ಸ್ಮರಿಸುವರು. ಆದರೆ ಕಿವಿಗೊಟ್ಟು ಉಸಿರು ಬಿಗಿಹಿಡಿದು ಕೇಳಬೇಕಾಗಿದ್ದ ಯಂತ್ರವನ್ನು, ಮನೆಮಂದಿಯೆಲ್ಲ ಕುಳಿತು ಆನಂದದಿಂದ ಕೇಳಬಲ್ಲ ಯಂತ್ರವನ್ನಾಗಿ ಮಾರ್ಪಡಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್. ರೇಡಿಯೋ ಶಾಸ್ತ್ರಜ್ಞರೆಲ್ಲರೂ ಗೌರವಿಸುವ ಈ ಮಹನೀಯನ ಚರಿತ್ರೆಯು ವಿಜ್ಞಾನದ ಕಥೆಯಾಗಿರುವಷ್ಟೇ ನ್ಯಾಯದ ಕಥೆಯೂ ಆಗಿರುವುದು. ಒಂದು ಸಂಗತಿಯನ್ನು ಮೊದಲು ಕಂಡವನು ಅದರ ಕರ್ತನೋ, ಅದರ ಮರ್ಮವನ್ನು ಮೊದಲು ಅರಿತವನು ಕರ್ತನೋ ಎಂಬ ಪ್ರಶ್ನೆಯು ಆತನ ಬಾಳನ್ನೆಲ್ಲ ಬೆನ್ನಟ್ಟಿ ಬಂದಿತು.

ಆರ್ಮ್‌ಸ್ಟ್ರಾಂಗನು 1890ನೆಯ ಇಸವಿ ಡಿಸೆಂಬರ್ 18ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ತಂದೆಯು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದ ಅಮೆರಿಕ ಶಾಖೆಯಲ್ಲಿ ಉದ್ಯೋಗಸ್ಥನು. ತಾಯಿಯು ವಿವಾಹಕ್ಕೆ ಪೂರ್ವದಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಬಾಲ್ಯದಲ್ಲಿ ತಗುಲಿದ ನರರೋಗವೊಂದು ಆತನನ್ನು ಎರಡು ವರ್ಷಗಳ ಕಾಲ ಶಾಲೆಯಿಂದ ದೂರವಿರಿಸಿತು. ಮನಸ್ಸು ಉದ್ವೇಗಗೊಂಡಾಗಲೆಲ್ಲ ಮುಖವೂ ಭುಜವೂ ಅದಿರುವ ದೋಷವನ್ನು ಜೀವಾವಧಿಗೆ ಉಳಿಸಿಹೋಯಿತು. ಕುಟುಂಬವು ಹಡ್ಸನ್ ನದಿಯ ದಡದಲ್ಲಿರುವ ಯಾಂಕರ್ಸ್ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿ ಒಡನಾಡಿಗಳ ಗದ್ದಲದಿಂದ ದೂರವಾಗಿ, ಅಟ್ಟದ ಮೇಲಿನ ಕೋಣೆಯಲ್ಲಿ, ಬಾಲಕನು ತಂತಿಗಳನ್ನೂ ಸುರುಳಿಗಳನ್ನೂ ಹರಡಿಕೊಂಡು ಕೂಡುತ್ತಿದ್ದನು. ಮಾರ್ಕೋನಿಯ ಸಾಹಸಗಳನ್ನು ಓದಿ ತಾನೂ ಸಂಶೋಧಕನಾಗಬೇಕೆಂದು ಸಂಕಲ್ಪಿಸಿದಾಗ ಆತನಿಗೆ 15 ವರ್ಷವೂ ತುಂಬಿರಲಿಲ್ಲ. ಮುಂದೆ ಹಿತ್ತಲಿನಲ್ಲಿ 125 ಅಡಿ ಎತ್ತರದ ಕಂಬವನ್ನು ತಾನೇ ನಿಲ್ಲಿಸಿ, ಹಗ್ಗದ ಪೀಠದಲ್ಲಿ ಕುಳಿತು ತುದಿಗೆ ಏರಿ ಏರಿಯಲ್ ತಂತಿಯನ್ನು ಕಟ್ಟಿದನು. ಎತ್ತರವೆಂದರೆ ಆತನಿಗೆ ಭಯವೇ ಇರಲಿಲ್ಲ.

ಆ ಕಾಲದ ಹವ್ಯಾಸಿಗಳು ಮನೆಯಲ್ಲಿಯೇ ನಿರ್ಮಿಸಿಕೊಳ್ಳುತ್ತಿದ್ದ ಗ್ರಾಹಕಯಂತ್ರವು ಅತ್ಯಂತ ಸರಳವಾದುದು. ಎತ್ತರದಲ್ಲಿ ಕಟ್ಟಿದ ಏರಿಯಲ್; ನೆಲಕ್ಕೆ ಇಳಿಸಿದ ಇನ್ನೊಂದು ತಂತಿ; ಕೊಳವೆಯೊಂದರ ಮೇಲೆ ತಾಮ್ರದ ತಂತಿಯನ್ನು ಸುತ್ತಿ ಮಾಡಿದ ಸುರುಳಿ; ಬೇಕಾದ ಅಲೆಯನ್ನು ಆರಿಸಿಕೊಳ್ಳುವುದಕ್ಕೆ ಕಂಡೆನ್ಸರ್; ಗೆಲೀನಾ ಎಂಬ ಸೀಸದ ಅದುರಿನ ಹರಳು ಮತ್ತು ಅದನ್ನು ಮೆಲ್ಲನೆ ಮುಟ್ಟುವ ತಂತಿಯ ಮೊನೆ; ಕಿವಿಗೆ ಹಚ್ಚಿಕೊಳ್ಳುವ ಹೆಡ್‌ಫೋನು. ಇಷ್ಟೇ ಅದರ ಸಾಮಗ್ರಿ. ಬರುವ ಅಲೆಯು ಸೆಕೆಂಡಿಗೆ ಲಕ್ಷಾಂತರ ಬಾರಿ ಹಿಂದುಮುಂದಾಗಿ ಆಂದೋಲಿಸುವುದರಿಂದ ಹೆಡ್‌ಫೋನಿನೊಳಗಿನ ತಗಡು ಅದನ್ನು ಅನುಸರಿಸಲಾರದು. ಹರಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುವುದು. ಆಗ ಅಲೆಯು ಹೊತ್ತು ತಂದ ಶಬ್ದದ ಏರಿಳಿತವು ಮಾತ್ರ ಉಳಿದು ಕಿವಿಗೆ ಕೇಳಿಸುವುದು. ಗೆಲೀನಾವನ್ನು ಇಂತಹ ಶೋಧಕ ಸಾಧನವಾಗಿ ಬಳಸುವ ಉಪಾಯಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದವರು ನಮ್ಮ ಬೋಸರೇ ಎಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. ಈ ಯಂತ್ರಕ್ಕೆ ಬ್ಯಾಟರಿಯೂ ಬೇಡ. ಆದರೆ ಏರಿಯಲ್ಲಿಗೆ ದೊರೆತ ಅಲ್ಪಶಕ್ತಿಯಿಂದಲೇ ಶಬ್ದವೆಲ್ಲವೂ ಹುಟ್ಟಬೇಕಾದುದರಿಂದ, ಒಬ್ಬನು ಮಾತ್ರ ಕೇಳಬಹುದು, ಅದೂ ಕಷ್ಟದಿಂದ.

ಈ ಕ್ಷೀಣತೆಗೆ ಪರಿಹಾರವೇನು? ಹರಳು ಕೊಟ್ಟ ಶಬ್ದವನ್ನು ಮತ್ತೊಂದು ಉಪಕರಣದಿಂದ ವರ್ಧಿಸಿದರಾಯಿತೆಂದು ಯಾರಿಗಾದರೂ ತೋರುವುದು ಸಹಜ. ಸಮೀಪದ ಕೇಂದ್ರಕ್ಕೆ ಅಷ್ಟು ಸಾಕು. ಆದರೆ ದುರ್ಬಲವಾದ ಅಲೆಗಳ ವಿಷಯದಲ್ಲಿ, ಅಲೆಯು ಅರ್ಧಕ್ಕೆ ಇಳಿದರೆ ಶೋಧಕವು ಕೊಡುವ ಶಬ್ದವು ಕಾಲುಭಾಗಕ್ಕೆ ಇಳಿಯುವುದು. ಅಲೆಯು ಹತ್ತನೆಯ ಒಂದಕ್ಕೆ ಇಳಿದರೆ ಶಬ್ದವು ನೂರನೆಯ ಒಂದಕ್ಕೆ. ದೂರದ ಕೇಂದ್ರದ ಅಲೆಯು ಶೋಧಕದಲ್ಲಿಯೇ ಲಯವಾಗಿಬಿಡುವುದು. ಆಮೇಲೆ ಎಷ್ಟು ದೊಡ್ಡ ಧ್ವನಿವರ್ಧಕವನ್ನು ಜೋಡಿಸಿದರೂ ಗೊರಗೊರ ಸದ್ದೇ ದೊಡ್ಡದಾಗುವುದು. ಕೆರೆಗೆ ನೀರೇ ಬಾರದಿರುವಾಗ ತೂಬನ್ನು ಅಗಲಿಸಿ ಫಲವೇನು? ಆದಕಾರಣ ಅಲೆಯನ್ನು ಶೋಧಕಕ್ಕೆ ಮುಟ್ಟುವ ಮುನ್ನವೇ ಬಲಪಡಿಸಬೇಕು. ಅದನ್ನು ಸಾಧಿಸಿ ತೋರಿಸಿದವನು 22 ವರ್ಷವೂ ತುಂಬದ ಆರ್ಮ್‌ಸ್ಟ್ರಾಂಗ್.

ಅದಕ್ಕೆ ಬೇಕಾದ ಸಾಧನವು ಆಗಲೇ ಹುಟ್ಟಿತ್ತು. 1906ರಲ್ಲಿ ಲೀ ಡಿ ಫಾರೆಸ್ಟ್ ಎಂಬ ಅಮೆರಿಕನನು, ಕಾದ ತಂತುವಿಗೂ ಲೋಹದ ತಗಡಿಗೂ ನಡುವೆ ಗ್ರಿಡ್ ಎಂಬ ಜಾಲರಿಯನ್ನು ಇಟ್ಟು ಆಡಿಯಾನ್ ಎಂಬ ವಾಲ್ವನ್ನು ನಿರ್ಮಿಸಿದ್ದನು. ಗ್ರಿಡ್ಡು ದ್ವಾರಪಾಲಕನಂತೆ, ಅದಕ್ಕೆ ಕೊಟ್ಟ ಅತ್ಯಲ್ಪ ವಿದ್ಯುತ್ತು ತಗಡಿಗೆ ಹರಿಯುವ ಹೆಚ್ಚಿನ ಪ್ರವಾಹವನ್ನು ಏರಿಸಿ ಇಳಿಸಬಲ್ಲುದು. ಆದರೆ ಅದು ಕೆಲಸಮಾಡುವ ಬಗೆಯು ಅದನ್ನು ನಿರ್ಮಿಸಿದವನಿಗೇ ಸ್ಪಷ್ಟವಾಗಿರಲಿಲ್ಲ. 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ ಪ್ರಸಿದ್ಧ ಆಚಾರ್ಯ ಮೈಕೇಲ್ ಪ್ಯೂಪಿನರ ವಿಭಾಗದಲ್ಲಿ ವ್ಯಾಸಂಗಮಾಡುತ್ತಿದ್ದ ಆರ್ಮ್‌ಸ್ಟ್ರಾಂಗನು, ಊಹೆಯನ್ನು ನಂಬದೆ ಅಳತೆಯನ್ನು ನಂಬಿದನು. ಗ್ರಿಡ್ಡಿಗೆ ಬಂದ ವೇಗದ ಆಂದೋಲನವು ತಗಡಿನ ಪ್ರವಾಹದಲ್ಲಿಯೂ ವರ್ಧಿಸಿ ಕಾಣಿಸುವುದನ್ನು ಆತನು ಕಂಡನು. ಹಾಗಾದರೆ ಆ ವರ್ಧಿಸಿದ ಆಂದೋಲನದ ಒಂದು ಅಂಶವನ್ನು ಇನ್ನೊಂದು ಸುರುಳಿಯ ಮೂಲಕ ಹಿಂದಿರುಗಿಸಿ ಗ್ರಿಡ್ಡಿಗೇ ಮತ್ತೆ ಉಣಿಸಿದರೆ? ಅದು ಮತ್ತೆ ವರ್ಧಿಸುವುದು. ಹಿಂದಿರುಗಿ ಬಂದು ಪುನಃ ವರ್ಧಿಸುವುದು. 1912ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ಕಿವಿಗೆ ಹಚ್ಚಿದರೂ ಕೇಳದಿದ್ದ ದೂರದ ಸಂಕೇತಗಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟರೂ ಕೋಣೆಯಲ್ಲಿ ಕೇಳುವಷ್ಟು ಗಟ್ಟಿಯಾದವು. ನಿದ್ರಿಸುತ್ತಿದ್ದ ತಂಗಿಯನ್ನು ಎಬ್ಬಿಸಿ ಆತನು ಕುಣಿದಾಡಿದನಂತೆ. ಇದಕ್ಕೆ ಪುನರುತ್ಪಾದನೆಯ ಮಂಡಲವೆಂದು ಹೆಸರಾಯಿತು. ಹಿಂದಿರುಗಿಸುವ ಅಂಶವು ಒಂದು ಮಿತಿಯನ್ನು ಮೀರಿದರೆ ವಾಲ್ವು ತಾನಾಗಿಯೇ ಆಂದೋಲಿಸತೊಡಗುವುದನ್ನೂ ಆತನು ಗುರುತಿಸಿದನು. ಕೇಳುವ ಯಂತ್ರವೇ ಕಳುಹಿಸುವ ಯಂತ್ರವೂ ಆಗಬಲ್ಲುದೆಂಬ ತತ್ವವು ಹೀಗೆ ಒಂದೇ ಪ್ರಯೋಗದಿಂದ ಹೊರಬಿದ್ದಿತು.

ಪೇಟೆಂಟಿಗೆ ಹಣ ಬೇಕಾಯಿತು. ಮೊದಲು ಪದವಿಯನ್ನು ಪಡೆಯಲೆಂದು ತಂದೆಯು ಸಾಲ ಕೊಡಲಿಲ್ಲ. ಯುವಕನು ತನ್ನ ಪ್ರೀತಿಯ ಮೋಟಾರು ಸೈಕಲನ್ನು ಮಾರಿದನು, ಅದೂ ಸಾಲಲಿಲ್ಲ. ಕಡೆಗೆ ಬಂಧುವೊಬ್ಬರ ಸಲಹೆಯಂತೆ 1913ರ ಜನವರಿ 31ರಂದು ತನ್ನ ಮಂಡಲದ ನಕ್ಷೆಯ ಮೇಲೆ ನೋಟರಿಯ ಮುದ್ರೆಯನ್ನು ಒತ್ತಿಸಿಕೊಂಡನು. ಪೇಟೆಂಟಿನ ಅರ್ಜಿಯು ಹೋದುದು ಅದೇ ವರ್ಷದ ಅಕ್ಟೋಬರಿನಲ್ಲಿ; ಪೇಟೆಂಟು ಬಂದುದು 1914ರ ಅಕ್ಟೋಬರಿನಲ್ಲಿ. ನಡುವೆ, 1914ರ ಜನವರಿಯ ಕೊನೆಯಲ್ಲಿ, ಅಮೆರಿಕದ ಮಾರ್ಕೋನಿ ಕಂಪೆನಿಯ ಡೇವಿಡ್ ಸಾರ್ನಾಫ್ ಎಂಬ ತರುಣ ಅಧಿಕಾರಿಯ ಮುಂದೆ, ನ್ಯೂಜೆರ್ಸಿಯ ಬೆಲ್ಮಾರ್ ಎಂಬಲ್ಲಿ, ಕೊರೆಯುವ ಚಳಿಯಲ್ಲಿ ಆತನು ತನ್ನ ಯಂತ್ರವನ್ನು ಪರೀಕ್ಷೆಗೆ ಒಡ್ಡಿದನು. ಅಟ್ಲಾಂಟಿಕ್ ಸಾಗರದಾಚೆಯ ಐರ್ಲೆಂಡಿನ ಸಂಕೇತಗಳೂ ಪೆಸಿಫಿಕ್ ಸಾಗರದ ಹೊನೊಲುಲುವಿನ ಸಂಕೇತಗಳೂ ಸ್ಪಷ್ಟವಾಗಿ ಕೇಳಿಬಂದವು. ಅಂದು ಅಂಕುರಿಸಿದ ಇವರಿಬ್ಬರ ಸ್ನೇಹವು ಮುಂದೆ ಯಾವ ಗತಿಗೆ ಬಂದಿತೆಂಬುದನ್ನು ವಾಚಕರು ಕಾಣುವರು.

ಮೊದಲನೆಯ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗನು ಸೈನ್ಯದ ಸಂಕೇತದಳವನ್ನು ಸೇರಿ ಪ್ಯಾರಿಸ್ಸಿಗೆ ಹೋದನು. ಮೇಜರ್ ಪದವಿಯವರೆಗೆ ಏರಿದನು. ಎರಡನೆಯ ಮಹಾಕಾರ್ಯವು ಅಲ್ಲಿಯೇ, 1918ರಲ್ಲಿ, ರೂಪುಗೊಂಡಿತು. ಅಂದಿನ ವಾಲ್ವುಗಳು ಅತಿವೇಗದ ಆಂದೋಲನಗಳನ್ನು ವರ್ಧಿಸಲಾರದೆ ಸೋಲುತ್ತಿದ್ದುವು. ಹಾಗಾದರೆ ಅಲೆಯ ವೇಗವನ್ನೇ ತಗ್ಗಿಸಿ ವರ್ಧಿಸಬಾರದೇಕೆ ಎಂದು ಆತನು ಯೋಚಿಸಿದನು. ಉದಾಹರಣೆಗೆ, ಸೆಕೆಂಡಿಗೆ 10 ಲಕ್ಷ ಬಾರಿ ಆಂದೋಲಿಸುವ ಅಲೆಯೊಂದು ಬರುತ್ತಿರುವಾಗ, ಯಂತ್ರದೊಳಗಿನ ವಾಲ್ವೊಂದು 14 ಲಕ್ಷ 55 ಸಾವಿರ ಬಾರಿ ಆಂದೋಲಿಸುವಂತೆ ಮಾಡಿ ಎರಡನ್ನೂ ಬೆರೆಸಿದರೆ, ಅವುಗಳ ವ್ಯತ್ಯಾಸವಾದ 4 ಲಕ್ಷ 55 ಸಾವಿರದ ಆಂದೋಲನವೊಂದು ಹುಟ್ಟುವುದು. ಯಾವ ಕೇಂದ್ರವನ್ನು ಹಿಡಿದರೂ ವ್ಯತ್ಯಾಸವು ಇಷ್ಟೇ ಇರುವಂತೆ ಏರ್ಪಡಿಸಿದರೆ, ಆ ಒಂದೇ ವೇಗಕ್ಕೆ ಹೊಂದಿಸಿದ ವರ್ಧಕಗಳು ಎಲ್ಲ ಕೇಂದ್ರಗಳಿಗೂ ಸಾಕಾಗುವುವು. ಆಮೇಲೆ ಶೋಧಕ, ಅದರ ಮುಂದೆ ಶಬ್ದದ ವರ್ಧಕ, ಕೊನೆಗೆ ಲೌಡ್‌ಸ್ಪೀಕರು. ಫ್ರಾನ್ಸಿನ ಲೂಸಿಯನ್ ಲೆವಿ, ಜರ್ಮನಿಯ ಶಾಟ್ಕಿ ಎಂಬವರಿಗೂ ಇದೇ ಆಲೋಚನೆಯು ಹೊಳೆದಿತ್ತೆಂಬುದು ನಿಜ. ಆದರೂ ಅದನ್ನು ಬಳಕೆಯ ಯಂತ್ರವಾಗಿ ಮಾಡಿದ ಕೀರ್ತಿಯಲ್ಲಿ ಆರ್ಮ್‌ಸ್ಟ್ರಾಂಗನ ಭಾಗವು ದೊಡ್ಡದು. ಸೂಪರ್‌ಹೆಟರೊಡೈನ್ ಎಂಬ ಈ ಕ್ರಮವೇ ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಮನೆಮನೆಗಳ ರೇಡಿಯೋವಿಗೆ ಆಧಾರವಾಯಿತು.

ಐಶ್ವರ್ಯವು ತಾನಾಗಿ ಬಂದಿತು. 1920ರಲ್ಲಿ ವೆಸ್ಟಿಂಗ್‌ಹೌಸ್ ಕಂಪೆನಿಯು ಈ ಎರಡು ಪೇಟೆಂಟುಗಳಿಗೆ 3 ಲಕ್ಷ 35 ಸಾವಿರ ಡಾಲರುಗಳನ್ನು ಕೊಟ್ಟಿತು. ಸ್ವಲ್ಪ ಕಾಲದಲ್ಲಿಯೇ ಮತ್ತೊಂದು ಆವಿಷ್ಕಾರಕ್ಕಾಗಿ ಆರ್. ಸಿ. ಎ. ಎಂಬ ಅಮೆರಿಕದ ರೇಡಿಯೋ ಕಾರ್ಪೊರೇಷನ್ನಿನಿಂದ ಹಣವೂ ಷೇರುಗಳೂ ದೊರೆತು, ಆ ಕಂಪೆನಿಯ ದೊಡ್ಡ ಷೇರುದಾರರಲ್ಲಿ ಆತನೂ ಒಬ್ಬನಾದನು. ಸಾರ್ನಾಫನ ಕಾರ್ಯದರ್ಶಿನಿಯಾಗಿದ್ದ ಮೇರಿಯನ್ ಮ್ಯಾಕಿನ್ನಿಸ್ ಎಂಬಾಕೆಯನ್ನು 1923ರಲ್ಲಿ ವರಿಸಿ, ಎತ್ತಿಕೊಂಡು ಹೋಗಬಲ್ಲ ಸೂಪರ್‌ಹೆಟರೊಡೈನ್ ರೇಡಿಯೋವೊಂದನ್ನು ವಿವಾಹದ ಕಾಣಿಕೆಯಾಗಿ ಕೊಟ್ಟನು.

ಆದರೆ ಇಷ್ಟರಲ್ಲಿಯೇ ವ್ಯಾಜ್ಯವು ಆತನನ್ನು ಸುತ್ತಿಕೊಂಡಿತ್ತು. ಪುನರುತ್ಪಾದನೆಯ ಮಂಡಲವು ತನ್ನದೆಂದು ಡಿ ಫಾರೆಸ್ಟನು ಹಕ್ಕು ಸಾಧಿಸತೊಡಗಿದನು. ಆತನ ಆಧಾರವಾದರೂ ಏನು? 1912ರ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ, ಟೆಲಿಫೋನಿನ ಮಾತನ್ನು ಹೆಚ್ಚಿಸುವ ಶಬ್ದವರ್ಧಕವೊಂದನ್ನು ಆತನೂ ಆತನ ಸಹಾಯಕರೂ ನಿರ್ಮಿಸುತ್ತಿದ್ದಾಗ, ಹೊರಬಂದ ಶಬ್ದವು ಪುನಃ ಒಳಹೊಕ್ಕು ಯಂತ್ರವು ಊಳಿಟ್ಟಿತ್ತು. ಸಭೆಗಳಲ್ಲಿ ಮೈಕು ಲೌಡ್‌ಸ್ಪೀಕರಿಗೆ ಎದುರಾದಾಗ ಕೇಳಿಬರುವ ಕಿರುಚುವಿಕೆಯನ್ನು ಅರಿತವರಿಗೆ ಇದು ಹೊಸದಲ್ಲ. ಆ ಊಳು ಟಿಪ್ಪಣಿ ಪುಸ್ತಕದಲ್ಲಿ ದಾಖಲಾಗಿತ್ತು. ಆದರೆ ಅಂದು ಅವರು ಅದನ್ನು ತೊಲಗಿಸಬೇಕಾದ ಪೀಡೆಯೆಂದು ಬಗೆದರೇ ಹೊರತು, ರೇಡಿಯೋ ಅಲೆಯನ್ನು ಬಲಪಡಿಸುವ ಉಪಾಯವೆಂದು ಬಗೆಯಲಿಲ್ಲ. ಡಿ ಫಾರೆಸ್ಟನು ಸಾಮಾನ್ಯ ವ್ಯಕ್ತಿಯಲ್ಲ. ಆತನ ವಾಲ್ವಿಲ್ಲದೆ ಆರ್ಮ್‌ಸ್ಟ್ರಾಂಗನ ಮಂಡಲವೂ ಇಲ್ಲ. ಆದರೂ ಕಿವಿಗೆ ಬಿದ್ದುದನ್ನೆಲ್ಲ ಬುದ್ಧಿಯು ಗ್ರಹಿಸಿತೆಂದು ಹೇಳಲಾಗದು.

ಮೊದಲ ಸುತ್ತಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯಗಳು ಆರ್ಮ್‌ಸ್ಟ್ರಾಂಗನ ಪಕ್ಷವನ್ನು ಎತ್ತಿಹಿಡಿದುವು. ಸೋತ ಪಕ್ಷದವರಲ್ಲಿ ವ್ಯಾಜ್ಯದ ಖರ್ಚನ್ನು ತೆರಲು ಹಣವಿರಲಿಲ್ಲ. ಅದನ್ನು ಬಿಟ್ಟುಕೊಟ್ಟಿದ್ದರೆ ತೀರ್ಪು ಅಲ್ಲಿಗೆ ಅಂತಿಮವಾಗುತ್ತಿತ್ತು. ಬಿಡಲು ಆತನು ಒಪ್ಪಲಿಲ್ಲ. ತನ್ನ ಪೇಟೆಂಟಿನ ಸಂಖ್ಯೆಯನ್ನು ಬರೆದ ಬಾವುಟವನ್ನು ಪ್ರತಿಸ್ಪರ್ಧಿಗೆ ಕಾಣುವಂತೆ ಹಾರಿಸಿದನೆಂದೂ ಪ್ರತೀತಿ. ಈ ಹಠವು ದುಬಾರಿಯಾಯಿತು. ಡಿ ಫಾರೆಸ್ಟನ ಹಕ್ಕುಗಳನ್ನು ಪ್ರಬಲವಾದ ಟೆಲಿಫೋನ್ ಕಂಪೆನಿಯು ಕೊಂಡಿತ್ತು. ವ್ಯಾಜ್ಯವು ಮತ್ತೊಂದು ದಾರಿಯಿಂದ ತಲೆಯೆತ್ತಿತು. 1924ರಲ್ಲಿ ವಾಷಿಂಗ್ಟನ್ನಿನ ಅಪೀಲು ನ್ಯಾಯಾಲಯವು ಡಿ ಫಾರೆಸ್ಟನ ಪರವಾಗಿ ತೀರ್ಪಿತ್ತಿತು. 1928ರಲ್ಲಿಯೂ ಮತ್ತೆ 1934ರಲ್ಲಿಯೂ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದೇ ಪಕ್ಷವನ್ನು ಸ್ಥಿರಪಡಿಸಿತು. ಟಿಪ್ಪಣಿಯ ತಾರೀಖು ಗೆದ್ದಿತು. ತತ್ವದ ಅರಿವು ಸೋತಿತು. ಆಗ ಆರ್ಮ್‌ಸ್ಟ್ರಾಂಗನು, ರೇಡಿಯೋ ಎಂಜಿನಿಯರುಗಳ ಸಂಸ್ಥೆಯು ಇದೇ ಆವಿಷ್ಕಾರಕ್ಕಾಗಿ ತನಗೆ ಮೊತ್ತಮೊದಲು ಕೊಟ್ಟಿದ್ದ ಗೌರವ ಪದಕವನ್ನು ಹಿಂದಿರುಗಿಸಲು 1934ರ ಅವರ ಸಮ್ಮೇಳನಕ್ಕೆ ಬಂದನು. ಸಂಸ್ಥೆಯವರು ಅದನ್ನು ಸ್ವೀಕರಿಸದೆ, ಪದಕವು ಆತನಿಗೇ ಸಲ್ಲತಕ್ಕದ್ದೆಂದು ದೃಢಪಡಿಸಿದರು. ನೆರೆದ ಎಂಜಿನಿಯರುಗಳು ಎದ್ದುನಿಂತು ಕರತಾಡನ ಮಾಡಿದರು. ನ್ಯಾಯಪೀಠವು ಒಂದು ಮಾತನ್ನೂ ವಿದ್ವತ್ಸಭೆಯು ಇನ್ನೊಂದು ಮಾತನ್ನೂ ಹೇಳಿದ ಇಂತಹ ಪ್ರಸಂಗವು ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವ.

ಈ ಸೋಲಿನ ನಡುವೆಯೇ ಆತನು ತನ್ನ ಶ್ರೇಷ್ಠತಮ ಕಾರ್ಯವನ್ನು ಪೂರೈಸಿದ್ದನು. ಸಿಡಿಲುಮಿಂಚುಗಳಿಂದಲೂ ಯಂತ್ರಗಳ ಕಿಡಿಗಳಿಂದಲೂ ರೇಡಿಯೋದಲ್ಲಿ ಉಂಟಾಗುವ ಗೊರಗೊರ ಶಬ್ದವು ಕೇಳುವವರನ್ನೆಲ್ಲ ಪೀಡಿಸುತ್ತಿದ್ದಿತು. ಆ ಉಪದ್ರವವು ಮುಖ್ಯವಾಗಿ ಅಲೆಯ ಎತ್ತರವನ್ನು ಕೆಡಿಸುವುದು. ಆದುದರಿಂದ ಶಬ್ದವನ್ನು ಅಲೆಯ ಎತ್ತರದಲ್ಲಿ ಹುದುಗಿಸದೆ, ಆಂದೋಲನದ ವೇಗದ ಹೆಚ್ಚುಕಡಿಮೆಯಲ್ಲಿ ಹುದುಗಿಸಿದರೆ, ಕೆಟ್ಟ ಎತ್ತರವನ್ನು ಗ್ರಾಹಕಯಂತ್ರದಲ್ಲಿ ಕತ್ತರಿಸಿ ಒಗೆಯಬಹುದು. ಟೆಲಿಫೋನ್ ಕಂಪೆನಿಯ ಗಣಿತಜ್ಞ ಜಾನ್ ಕಾರ್ಸನ್ 1922ರಲ್ಲಿ ಈ ಮಾರ್ಗದಿಂದ ಲಾಭವಿಲ್ಲವೆಂದು ಲೆಕ್ಕಹಾಕಿದ್ದನು. ಆ ಲೆಕ್ಕವು ಕಿರಿದಾದ ಹರವಿಗೆ ಸಂಬಂಧಿಸಿದುದು; ಆರ್ಮ್‌ಸ್ಟ್ರಾಂಗನು ಹರವನ್ನು ವಿಶಾಲಗೊಳಿಸಿದನು. 1933ರ ಡಿಸೆಂಬರ್ 26ರಂದು ಪೇಟೆಂಟುಗಳು ಲಭಿಸಿದುವು. ಎಫ್. ಎಂ. ಎಂದು ಇಂದು ಸರ್ವರೂ ಕರೆಯುವ ಪ್ರಸಾರವು ಇದೇ. 1935ರ ನವೆಂಬರಿನಲ್ಲಿ ಎಂಜಿನಿಯರುಗಳ ಸಭೆಯಲ್ಲಿ ಆತನು ಇದನ್ನು ಪ್ರದರ್ಶಿಸಿದಾಗ, ಯಾಂಕರ್ಸಿನಲ್ಲಿ ಲೋಟಕ್ಕೆ ನೀರು ಸುರಿದ ಸದ್ದೂ ಕಾಗದವನ್ನು ಹರಿದ ಸದ್ದೂ ನ್ಯೂಯಾರ್ಕಿನ ಸಭಿಕರಿಗೆ ಎದುರಿಗೇ ನಡೆದಂತೆ ಕೇಳಿಸಿದುವು.

ಆದರೆ ಇದಕ್ಕೂ ಮುಂಚೆಯೇ ಸಾರ್ನಾಫನು ವಿಮುಖನಾಗಿದ್ದನು. ಆತನು ಈಗ ಆರ್. ಸಿ. ಎ. ಕಂಪೆನಿಯ ಅಧ್ಯಕ್ಷನು, ಆತನ ಲಕ್ಷ್ಯವೆಲ್ಲ ಟೆಲಿವಿಷನ್ನಿನ ಮೇಲೆ. 1934ರಲ್ಲಿ ಎಂಪೈರ್ ಸ್ಟೇಟ್ ಸೌಧದ ತುದಿಯಿಂದ ಎಫ್. ಎಂ. ಪರೀಕ್ಷೆಗಳಿಗೆ ಅವಕಾಶವಿತ್ತ ಕಂಪೆನಿಯು, ಮರುವರ್ಷ ಯಂತ್ರಗಳನ್ನು ತೆಗೆಯಬೇಕೆಂದು ತಿಳಿಸಿತು. ಆರ್ಮ್‌ಸ್ಟ್ರಾಂಗನು ಧೃತಿಗೆಡದೆ ನ್ಯೂಜೆರ್ಸಿಯ ಆಲ್ಪೈನ್ ಎಂಬಲ್ಲಿ ಸ್ವಂತ ಹಣದಿಂದ 400 ಅಡಿಗೂ ಮಿಕ್ಕ ಗೋಪುರವನ್ನು ನಿಲ್ಲಿಸಿ, ಸ್ವಂತ ಪ್ರಸಾರ ಕೇಂದ್ರವನ್ನು ಕಟ್ಟಿದನು. 1940ರಲ್ಲಿ ಆರ್. ಸಿ. ಎ. ಒಮ್ಮೆಗೇ 10 ಲಕ್ಷ ಡಾಲರು ಕೊಡುವೆವೆಂದಾಗ, ಇತರ ತಯಾರಕರು ಕೊಡುತ್ತಿರುವಂತೆ ಮಾರಾಟದ ಮೇಲೆ ರಾಜಧನವನ್ನು ಕೊಡಿರೆಂದು ತಿರಸ್ಕರಿಸಿದನು. ಎರಡನೆಯ ಮಹಾಯುದ್ಧ ಬಂದಾಗ ಮಾತ್ರ ತನ್ನ ದೇಶದ ಸೈನ್ಯಕ್ಕೆ ಪೇಟೆಂಟುಗಳ ಉಪಯೋಗವನ್ನು ಪ್ರತಿಫಲವಿಲ್ಲದೆ ಬಿಟ್ಟುಕೊಟ್ಟನು. ಯುದ್ಧಾಂತ್ಯದಲ್ಲಿ, 1945ರಲ್ಲಿ, ಅಮೆರಿಕದ ಸರ್ಕಾರದ ಆಯೋಗವು ಎಫ್. ಎಂ. ಅಲೆಗಳ ಸ್ಥಾನವನ್ನೇ ಬದಲಾಯಿಸಲು, ಜನರ ಬಳಿಯಿದ್ದ ಲಕ್ಷಾಂತರ ಯಂತ್ರಗಳು ನಿರುಪಯುಕ್ತವಾದುವು.

1948ರಲ್ಲಿ ಆತನು ಆರ್. ಸಿ. ಎ. ಮೇಲೆ ದಾವೆ ಹೂಡಿದನು. ಕಂಪೆನಿಗೆ ವಕೀಲರ ಪಡೆಯೇ ಇತ್ತು, ಆತನಿಗೆ ಕಾಲವಿರಲಿಲ್ಲ. ಪ್ರಶ್ನೋತ್ತರಗಳು ವರ್ಷಗಟ್ಟಲೆ ನಡೆದುವು, 1950ರಲ್ಲಿ ಮೂಲ ಪೇಟೆಂಟುಗಳ ಅವಧಿಯು ಮುಗಿದುಹೋಯಿತು, ಸಂಪತ್ತು ಕರಗಿತು. 1953ರ ಕೊನೆಯಲ್ಲಿ ಸಂಧಾನದ ವಿಷಯವಾಗಿ ಪತ್ನಿಯೊಡನೆ ಕಲಹವಾಗಿ ಆಕೆಯು ತನ್ನ ಸೋದರಿಯ ಮನೆಗೆ ಹೊರಟುಹೋದಳು. 1954ರ ಜನವರಿ 31ರ ರಾತ್ರಿ, ಆರ್ಮ್‌ಸ್ಟ್ರಾಂಗನು ಪತ್ನಿಗೆ ಕ್ಷಮಾಪಣೆಯ ಪತ್ರವೊಂದನ್ನು ಬರೆದಿಟ್ಟು, ನ್ಯೂಯಾರ್ಕಿನ ತನ್ನ ಮನೆಯ 13ನೆಯ ಅಂತಸ್ತಿನಿಂದ ಬಿದ್ದು ಪ್ರಾಣತ್ಯಾಗ ಮಾಡಿದನು. ತನ್ನ ಮೊದಲ ಆವಿಷ್ಕಾರದ ನಕ್ಷೆಗೆ ಮುದ್ರೆ ಒತ್ತಿಸಿ ಅಂದಿಗೆ ಸರಿಯಾಗಿ 41 ವರ್ಷಗಳಾಗಿದ್ದುವು.

ವಿಧವೆ ಮೇರಿಯನ್ ಶೋಕದಲ್ಲಿ ಕೈಚೆಲ್ಲಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಆರ್. ಸಿ. ಎ. ಸುಮಾರು 10 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಉಳಿದ ಕಂಪೆನಿಗಳ ಮೇಲಿನ ದಾವೆಗಳನ್ನು ಆಕೆಯು ಒಂದೊಂದಾಗಿ ನಡೆಸಿ, 1967ರ ಹೊತ್ತಿಗೆ ಕೊನೆಯದನ್ನೂ ಗೆದ್ದಳು. ಎಫ್. ಎಂ. ಸಂಶೋಧಕನು ತನ್ನ ಪತಿಯೇ ಎಂಬುದು ಹೀಗೆ ನ್ಯಾಯಾಲಯಗಳಲ್ಲಿಯೂ ನಿರ್ವಿವಾದವಾಯಿತು. ಭಾರತದಲ್ಲಿ ಎಫ್. ಎಂ. ಪ್ರಸಾರವು 1977ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ದೇಶದ ಮೊದಲ ಖಾಸಗಿ ಎಫ್. ಎಂ. ಕೇಂದ್ರವು 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಲೆಯೆತ್ತಿತು. ಕೇಳುವ ನಾವೆಲ್ಲರೂ ಆತನಿಗೆ ಋಣಿಗಳು.

ಈ ಚರಿತ್ರೆಯಿಂದ ಗ್ರಹಿಸಬೇಕಾದುದೇನು? ಆರ್ಮ್‌ಸ್ಟ್ರಾಂಗನು ನಿರ್ದೋಷಿಯಲ್ಲ. ಬಿಡಬಹುದಾಗಿದ್ದ ಖರ್ಚನ್ನು ಬಿಡಲಿಲ್ಲ. ಒಪ್ಪಬಹುದಾಗಿದ್ದ ರಾಜಿಯನ್ನು ಒಪ್ಪಲಿಲ್ಲ. ತತ್ವದಲ್ಲಿ ತಾನು ಸರಿಯೆಂಬ ಅರಿವೇ ವ್ಯವಹಾರದಲ್ಲಿ ಆತನಿಗೆ ಮುಳುವಾಯಿತು. ಆದರೆ ದೋಷವೆಲ್ಲವೂ ಆತನದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಪೇಟೆಂಟಿನ ಕಾನೂನು ಇರುವುದು ಸಂಶೋಧಕನ ರಕ್ಷಣೆಗಾಗಿ. ಅದು ದಾಖಲೆಯ ತಾರೀಖನ್ನು ಮಾತ್ರ ನೋಡಿ ಕಾರ್ಯದ ಮರ್ಮವನ್ನು ನೋಡದಿದ್ದರೆ, ಕಾಲಹರಣಮಾಡಬಲ್ಲ ಧನಿಕನ ಆಯುಧವಾಗುವುದು. ವಿಜ್ಞಾನದಿಂದಲೂ ಕೈಗಾರಿಕೆಯಿಂದಲೂ ಮುಂದುವರಿಯಬಯಸುವ ದೇಶಕ್ಕೆ ಪ್ರಯೋಗಶಾಲೆಗಳಷ್ಟೇ ಸಾಲದು. ಶಾಸ್ತ್ರದ ವಿಷಯವನ್ನು ಶಾಸ್ತ್ರವನ್ನು ಬಲ್ಲವರಿಂದ ತಿಳಿದು ತೀರ್ಮಾನಿಸುವ ನ್ಯಾಯಸ್ಥಾನಗಳೂ, ತೀರ್ಮಾನವನ್ನು ಸಂಶೋಧಕನ ಆಯುಸ್ಸಿನೊಳಗೆ ಕೊಡುವ ವಿಧಾನವೂ ಬೇಕು. ಆಡಳಿತದ ಹೊಣೆಯನ್ನು ಹೊತ್ತವರು ಆರ್ಮ್‌ಸ್ಟ್ರಾಂಗನ ಬಾಳನ್ನು ಓದಿ ಇದನ್ನು ಮನದಂದರೆ, ಆತನ ದುರಂತವು ಅಷ್ಟರಮಟ್ಟಿಗೆ ಸಾರ್ಥಕವಾದೀತು.